ರಕ್ಕಸನ ಮಾತು ಮುಗಿಯಲಿ

ವರ್ಷಾನುಗಟ್ಟಲೆ ಮುಖಕ್ಕೆ ಬಣ್ಣ ಬಳಿದು ನಮ್ಮ ದೊಡ್ಡಾಟದ ಮಾಸ್ತರರ ಹುಬ್ಬಿನ ಕೂದಲು ಪೂರಾ ಉದುರಿಹೋಗಿತ್ತು. ಸಿಟ್ಟು ಬಂದರೆ ಆ ಬೋಳು ಹುಬ್ಬುಗಳು ಹಣೆಗೆ ಏರುತ್ತಿದ್ದವು. ತೊಂಬತ್ತರ ದಶಕದ ಕೊನೆಗೆ ಆಳಂದ ಬಸ್‌ಸ್ಟ್ಯಾಂಡಿನ ಹಿಂದೆ ನಾನು ನಡೆಸುತ್ತಿದ್ದ ವಿಡಿಯೊ ಗೇಮ್ ಅಂಗಡಿಯಲ್ಲಿ ಅವು ಕೆಳಗಿಳಿದದ್ದೇ ಅಪರೂಪ.

ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲೆಲ್ಲ ಆಟ ಕಲಿಸಿದವರು. ಈಗ ಕರೆಯುವವರಿರಲಿಲ್ಲ. ಮಧ್ಯಾಹ್ನವಿಡೀ ನನ್ನ ಬೆಂಚೇ ಅವರ ಠಿಕಾಣಿ. ನನ್ನ ಅಪ್ಪನಿಗೂ ಪಾತ್ರ ಕಲಿಸಿದವರಿಗೆ ಎದ್ದು ಹೋಗಿ ಎನ್ನುವುದು ಹೇಗೆ?

ಆಗ ಮನೆಮನೆಗೆ ಕೇಬಲ್ ಬಂದು ನನ್ನ ಗಿರಾಕಿಗಳು ಕರಗುತ್ತಿದ್ದರು. ಉಳಿದದ್ದು ಒಂದೇ ಆಸೆ, ನಾನು ತರಿಸಿದ ಹೊಸ ಗೇಮು. ಜಪಾನಿನ ಕಾರ್ಟೂನ್ ಧಾರಾವಾಹಿಯನ್ನು ಆಟ ಮಾಡಿದ್ದರು: ಕತ್ತಿ ಹಿಡಿದ ಹುಡುಗ ಊರೂರು ಅಲೆದು ರಕ್ಕಸರನ್ನು ಕೊಂದು ಬಲಿಯುತ್ತ ಹೋಗುತ್ತಾನೆ. ಅಂಗಡಿ ಉಳಿದರೂ ಅದರಿಂದ, ಮುಳುಗಿದರೂ ಅದರಿಂದ.

ಪ್ರತಿ ರಕ್ಕಸನೂ ಬಂದು ನಿಂತಾಗ ಕೆಳಗೆ ಜಪಾನಿ ಅಕ್ಷರ ಹರಿಯುತ್ತಿದ್ದವು. ಯಾರಿಗೆ ತಿಳಿಯಬೇಕು? ಕಾಲೇಜು ಹುಡುಗರು ಗುಂಡಿ ಒತ್ತಿ ಅದನ್ನು ಹಾರಿಸಿ ಹೊಡೆತಕ್ಕೆ ಇಳಿಯುತ್ತಿದ್ದರು. ಮಾಸ್ತರರು ಕೂಗುತ್ತಿದ್ದರು:

"ತಡೀಲೇ! ಅವ ಯಾರು, ಯಾಕ ಬಂದಾನ, ಹೇಳ್ಲಿ! ಹೆಸರ ಕೇಳದಂಗ ಹೊಡಿಯೋದು ಯಾವ ಊರ ರೀತಿ?"

ದೊಡ್ಡಾಟದಲ್ಲಿ ರಂಗಕ್ಕೆ ಬಂದವನನ್ನು ಆಟ ನಡೆಸುವ ಸಾರಥಿ ಮೊದಲು ಹೆಸರು, ಊರು ಕೇಳುತ್ತಾನೆ. ಬಂದವನು ಮನದಣಿಯೆ ಕೊಚ್ಚಿಕೊಂಡ ಮೇಲೆಯೇ ಯುದ್ಧ. ಇದನ್ನು ಟಿವಿಗೂ ಹಚ್ಚಿದರೆ? ಅವರ ಕೂಗಿಗೆ ಹುಡುಗರು ತಿರುಗಿ ನೋಡುವಷ್ಟರಲ್ಲಿ ರಕ್ಕಸ ಅವರನ್ನೇ ಮುಗಿಸಿರುತ್ತಿದ್ದ.

ಸಾಲದ್ದಕ್ಕೆ ಮಾಸ್ತರರು ಚಹಾದ ಹೋಟೆಲಿನಲ್ಲಿ ಕೂತು ತೀರ್ಪು ಕೊಟ್ಟರು: "ವೇಷ ಭಾರಿ ಅದಾವ. ಆದ್ರ ಮೂಕ ಆಟ." ತೊಗರಿ ಅಡತಿಯ ದಲಾಲರು, ಕಂಡಕ್ಟರು, ಗೇಮಿನ ಮುಖ ನೋಡದವರೂ "ಮೂಕ ಆಟ ಅಂತಲ್ಲ" ಎಂದು ತಲೆಯಾಡಿಸತೊಡಗಿದರು. ಹುಡುಗರೂ ಬರುವುದು ಬಿಟ್ಟರು. ನನ್ನ ತಾಳ್ಮೆ ಹರಿಯಿತು.

"ನೀವೇ ಆಡ್ರಿ ಮಾಸ್ತರ, ನೋಡೂಣು!"

ಅವರು ಗುಂಡಿ ಮುಟ್ಟಲಿಲ್ಲ. ನಾನೇ ಆಟ ಹಚ್ಚಿದೆ. ರಕ್ಕಸ ಬಂದ, ಅಕ್ಷರ ಹರಿದವು. ಮಾಸ್ತರರು ಎದ್ದು ಬೆಂಚು ಬಡಿದರು. "ಯಾರಂತ ಕೇಳ್ತಿ ನನ್ನ? ಏಳೂರ ಕೆರಿ ಒಂದ ಗುಟುಕಿಗೆ ಕುಡದಾವ ನಾ! ಬಳ್ಳೊಳ್ಳಿ ಸಿಪ್ಪಿಯಂಥ ಹುಡುಗ, ನಿನಗ ಅಂಜತೇನೇನು?"

ಬಸ್ಸಿಗೆ ನಿಂತವರು ಬಸ್ಸು ಬಿಟ್ಟು ಒಳಗೆ ಬಂದರು.

ಮರುದಿನದಿಂದ ಅಂಗಡಿ ಗಿಜಿಗಿಜಿ. ಆಡುವವನು ಒಬ್ಬ, ಕೇಳುವವರು ಊರೆಲ್ಲ! ಒಬ್ಬ ರಕ್ಕಸನ ಮಾತು ಮುಗಿಯುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಕೊನೆಗೆ ನಾನು ಕೇಳುವವರಿಗೂ ಬಾಡಿಗೆ ಹಚ್ಚಿದೆ. ಅಂಗಡಿ ಉಳಿದದ್ದು ಹಾಗೆ. ಆದರೂ ತಲೆನೋವು ತಪ್ಪಲಿಲ್ಲ. ನಡುವೆ ಮಾಸ್ತರರಿಗೆ ಚಹಾ ಬೇಕು, ರಾಗಕ್ಕೊಬ್ಬ ಹಿಮ್ಮೇಳದವನು ಬೇಕು.

ಆಟ ಕೊನೆಯ ರಕ್ಕಸನ ಬಾಗಿಲಿಗೆ ಬಂದಾಗ ಮಾಸ್ತರರು ಹಾಸಿಗೆ ಹಿಡಿದರು. ನೋಡಲು ಹೋದೆ. "ಅವನ್ನ ಹೊಡಿಬ್ಯಾಡ್ರಿ," ಎಂದರು. "ಅವನ ಮಾತ ಇನ್ನಾ ಕಟ್ಟಾಕತ್ತೇನಿ."

"ಮೊದಲ ನೀವು ಆರಾಮ ಆಗ್ರಿ," ಎಂದು ಗದರಿದೆ. ಅವರು ಆಗಲಿಲ್ಲ.

ಮಣ್ಣು ಮಾಡಿ ಬಂದು ಕೆಲವು ದಿನಕ್ಕೆ ಅಂಗಡಿ ತೆರೆದೆ. ಕೊನೆಯ ರಕ್ಕಸ ಬಂದು ನಿಂತ, ಅಕ್ಷರ ಹರಿದವು. ಆಡುತ್ತಿದ್ದವನು ಗುಂಡಿ ಒತ್ತದೆ ಬೆಂಚಿನ ಕಡೆ ನೋಡಿದ. ಎಲ್ಲರೂ ನೋಡಿದರು. ನಾನು ಎದ್ದು ಬೆಂಚು ಬಡಿದೆ. "ಯಾರಂತ ಕೇಳ್ತಿ ನನ್ನ..." ಎಂದೆ. ಈ ರಕ್ಕಸನ ಮಾತನ್ನು ಮಾಸ್ತರರು ಕಟ್ಟಿ ಮುಗಿಸಿರಲಿಲ್ಲ.

ಟಿವಿ ಆರಿಸಿದೆ. ಆ ರಕ್ಕಸನನ್ನು ನನ್ನ ಅಂಗಡಿಯಲ್ಲಿ ಯಾರೂ ಕೊಲ್ಲಲೇ ಇಲ್ಲ.