ಮುದ್ದೆ ಗೊತ್ತಿಲ್ಲ ಎಂದವನು

ನಾನು ಒಬ್ಬ ಟೀಚರ್ ಅವರ ತಾಯಿಯ ಮಾತನ್ನು ಅಳಿಸಿಹಾಕಿದೆ. ನಿಜವೆಂದು ಗೊತ್ತಿದ್ದೂ ಅಳಿಸಿದೆ. ಅಳಿಸುವಾಗ ನನ್ನ ಉಗುರಿನ ಸಂದಿಯಲ್ಲಿ ಮುದ್ದೆ ಅಂಟಿತ್ತು — ಇದನ್ನು ಇಷ್ಟು ವರ್ಷ ಯಾರಿಗೂ ಬರೆದು ತಿಳಿಸಿಲ್ಲ. ಮೆಲ್ಬರ್ನಿನ ನಮ್ಮ ಕನ್ನಡ ಕೂಟದ ಹುಡುಗಿ ಬಂದು, "ಅಂಕಲ್, ಸ್ಮರಣ ಸಂಚಿಕೆಗೆ ಏನಾದ್ರೂ ಫನ್ನಿ ಆಗಿ ಬರ್ದುಕೊಡಿ" ಎಂದಳು. ನಗುವುದಕ್ಕೆ ಇದರಲ್ಲಿ ಬೇಕಾದಷ್ಟಿದೆ. ನಗಿ, ಆದರೆ ಪೂರ್ತಿ ಓದಿ.

ಎರಡು ಸಾವಿರದ ಎಂಟರ ಮಾತು. ಆಗ ಸಿಡ್ನಿಯಲ್ಲಿದ್ದೆ. ಓದು ಮುಗಿಸಿ, ಪಿಆರ್‌ಗೆ — ಅಂದರೆ ಅಲ್ಲೇ ಕಾಯಂ ನೆಲೆಸುವ ಪರವಾನಗಿಗೆ — ಅರ್ಜಿ ಹಾಕಿ, ಯೂನಿವರ್ಸಿಟಿಯೊಂದರಲ್ಲಿ ಆಹಾರದ ಕುರಿತು ಸಂಶೋಧನೆ ಮಾಡುವ ಪ್ರೊಫೆಸರ್ ಒಬ್ಬರ ಸಹಾಯಕನಾಗಿದ್ದೆ. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಬರೆಯಬಹುದಾದ ಮುಕ್ತ ವಿಶ್ವಕೋಶಕ್ಕೆ ಆಫ್ರಿಕಾದ ಸ್ವಯಂಸೇವಕರು ತಮ್ಮ ಬೆಳೆ, ಅಡುಗೆಗಳ ಬಗ್ಗೆ ಬರೆಯುತ್ತಿದ್ದರು. ನಾವು ಅವರ ಜೊತೆ ಸೇರಿ ಪರಿಶೀಲಿಸಬೇಕಿತ್ತು. ನಿಯಮ ಒಂದೇ: ಅಚ್ಚಾದ ಆಧಾರ ಇಲ್ಲದ ಮಾತು ಉಳಿಯುವಂತಿಲ್ಲ.

ಟಾಂಜಾನಿಯಾದ ಗುಡ್ಡಸೀಮೆಯ ರೆಹೆಮಾ ಟೀಚರ್ ರಾಗಿಯ ಬಗ್ಗೆ ಬರೆದರು. ಹೌದು, ನಮ್ಮ ರಾಗಿಯೇ. ಅದರ ತವರು ಆ ಕಡೆಯಂತೆ. ಅವರ ಲೇಖನದಲ್ಲಿ ಮೂರು ವಾಕ್ಯಗಳಿಗೆ ಆಧಾರವಿರಲಿಲ್ಲ. ಫೋನಿನ ಸ್ಪೀಕರ್ ಹಾಕಿಕೊಂಡು ಪ್ರೊಫೆಸರ್ ಕಾರಣ ಕೇಳಿದಾಗ ಟೀಚರ್ ಹೇಳಿದರು — "ಅದು ನನ್ನ ತಾಯಿಯ ಮಾತು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಎಲ್ಲಾದರೂ ಒಂದು ಕಡೆ ಅದು ಉಳಿಯಲಿ ಅಂತ ಬರೆದೆ."

ಪ್ರೊಫೆಸರ್ ಒಳ್ಳೆಯವರು. ನನ್ನ ಕಡೆ ತಿರುಗಿ, "ನಿಮ್ಮ ಊರಲ್ಲೂ ಈ ಧಾನ್ಯ ತಿನ್ನುತ್ತಾರಾ? ಹಾಗಿದ್ದರೆ ನೀವಿಬ್ಬರೂ ಸೇರಿ ಒಂದು ಲೇಖನ ಬರೆಯಿರಿ, ನಾನು ಅಚ್ಚು ಹಾಕಿಸುತ್ತೇನೆ. ಅದೇ ಆಧಾರವಾಗುತ್ತದೆ" ಎಂದರು.

ಒಂದು "ಹೌದು" ಸಾಕಿತ್ತು.

ನಾನು ತುಮಕೂರಿನ ಕಡೆಯವನು. ಹತ್ತು ವರ್ಷಕ್ಕೇ ಮುದ್ದೆ ತೊಳಸಲು ಕಲಿತವನು; ಇವತ್ತಿನವರೆಗೂ ನನ್ನ ಮುದ್ದೆ ಗಂಟು ಕಟ್ಟಿಲ್ಲ ಎನ್ನುವುದೊಂದೇ ನನ್ನ ಜಂಬ. ಆದರೆ ಆಫೀಸಿನಲ್ಲಿ ಯಾರೋ ಒಮ್ಮೆ ನನ್ನ ಡಬ್ಬಿ ನೋಡಿ "ಇದು ಜೇಡಿಮಣ್ಣಾ?" ಎಂದು ನಕ್ಕಿದ್ದರು. ಅಂದಿನಿಂದ ಆಫೀಸಿನವರ ಪಾಲಿಗೆ ನಾನು ಬೆಂಗಳೂರಿನ ಪಾಸ್ತಾ ಪ್ರಿಯ. ಮುದ್ದೆಯನ್ನು ಪಾರ್ಕಿನ ಬೆಂಚಿನ ಮೇಲೆ, ಜನಕ್ಕೆ ಬೆನ್ನು ಮಾಡಿ ಕೂತು ನುಂಗುತ್ತಿದ್ದೆ. ಆ ಮಧ್ಯಾಹ್ನವೂ ನುಂಗಿಯೇ ಬಂದಿದ್ದೆ. ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಅನ್ನುತ್ತಾರಲ್ಲ — ಬೆಟ್ಟ ಹಾಗಿರಲಿ, ನನಗೆ ಬಾಯಿ ಬಿಡುವ ಧೈರ್ಯವೂ ಬರಲಿಲ್ಲ.

"ಇಲ್ಲ. ನಾನು ಅದನ್ನು ತಿಂದೇ ಇಲ್ಲ" ಎಂದೆ.

ಮೂರೂ ವಾಕ್ಯಗಳನ್ನು ನಾನೇ ಅಳಿಸಿದೆ. ಸಂಜೆ ಸಿಡ್ನಿಯದೇ ಬಡಾವಣೆಯಾದ ಲಿವರ್‌ಪೂಲಿನ ರೂಮಿಗೆ ಹೋಗಿ ಹೇಳಿದರೆ, ರೂಮ್‌ಮೇಟ್ ಶಿವು ಸೌಟು ಹಿಡಿದೇ ಬೈದ: "ಲೇ, ದಿನಾ ಎರಡು ಮುದ್ದೆ ಮುರಿಯೋನು ನೀನು! ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ ಕಣೋ. ಇವತ್ತು ನಿಂಗೆ ಬ್ರೆಡ್ಡೇ ಗತಿ." ನಿಜವಾಗಿಯೂ ಬ್ರೆಡ್ಡನ್ನೇ ಕೊಟ್ಟ.

ಟೀಚರ್ ಜಗಳವಾಡಲಿಲ್ಲ. ಆ ವಾಕ್ಯಗಳನ್ನು ಮತ್ತೆ ಸೇರಿಸಬಹುದೇ ಎಂದು ಎರಡು ಸಲ ಇಮೇಲ್ ಮಾಡಿ ಕೇಳಿದರು. ಎರಡು ಸಲವೂ ನಿಯಮ ತೋರಿಸಿದೆ. ಆಮೇಲೆ ಅವರು ಮಾಡಿದ್ದು — ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು! ಪ್ರೊಫೆಸರ್ ಟಾಂಜಾನಿಯಾಕ್ಕೆ ಹೋಗಿ ಬರುವಾಗ ಅವರ ಕೈಯಲ್ಲಿ ನನಗೆಂದು ಒಂದು ಚೀಲ ರಾಗಿಹಿಟ್ಟು ಕಳಿಸಿದರು. ಜೊತೆಗೊಂದು ಕಾಗದ: "ಪಾಪ, ನೀವು ತಿಂದೇ ಇಲ್ಲವಲ್ಲ. ನೀರು ಕುದಿಯುವ ಮೊದಲು ಹಿಟ್ಟು ಸುರಿಯಬೇಡಿ. ಕೈ ನಿಲ್ಲಿಸಬೇಡಿ. ಗಂಟಾದರೆ ಬೇಸರ ಬೇಡ, ಮೊದಲ ಸಲ ಎಲ್ಲರಿಗೂ ಆಗುತ್ತದೆ."

ಶಿವು ನೆಲದ ಮೇಲೆ ಬಿದ್ದು ಹೊರಳಾಡಿ ನಕ್ಕ. ನಾನೂ ನಕ್ಕೆ, ಆಮೇಲೆ ಕಣ್ಣೊರೆಸಿಕೊಂಡೆ. ಅದೇ ಹಿಟ್ಟಿನಲ್ಲಿ ಮುದ್ದೆ ಮಾಡಿ, ಸೊಪ್ಪಿನ ಸಾರಿನಲ್ಲಿ ಉಂಡೆವು. ಅಮ್ಮನ ಕೈಯದೇ ರುಚಿ. ಆಗಲಾದರೂ ನಿಜ ಹೇಳಬಹುದಿತ್ತು. ಬದಲಿಗೆ ಬರೆದೆ — "ತುಂಬಾ ಚೆನ್ನಾಗಿತ್ತು ಟೀಚರ್. ಸ್ವಲ್ಪ ಗಂಟಾಯಿತು."

"ಅಭ್ಯಾಸ ಮಾಡಿ, ಬರುತ್ತದೆ" ಎಂದು ಉತ್ತರ ಬಂತು. ಆಮೇಲೆ ಯೋಜನೆ ಮುಗಿಯಿತು, ನನಗೆ ಪಿಆರ್ ಸಿಕ್ಕಿತು, ಮೆಲ್ಬರ್ನಿಗೆ ಬಂದೆ. ಈಗ ಇಲ್ಲಿನ ಟ್ರುಗನಿನಾ ಬಡಾವಣೆಯಲ್ಲಿ ಮನೆ. ಮುದ್ದೆ ಮುರಿಯುವ ಮಗಳು "ಅಪ್ಪಾ, ಒನ್ ಮೋರ್" ಎನ್ನುತ್ತಾಳೆ. ಸ್ಕೂಲಿನ ಡಬ್ಬಿಗೂ ಹಾಕಿಸಿಕೊಂಡು ಹೋಗುತ್ತಾಳೆ. ಒಂಬತ್ತು ವರ್ಷದವಳಿಗೆ ಇರುವಷ್ಟು ಎದೆಗಾರಿಕೆ ನನಗೆ ಅವತ್ತು ಇರಲಿಲ್ಲ. ಹುಡುಗಾಟದ ವಯಸ್ಸು, ಪಿಆರ್ ಚಿಂತೆ ಅಂತೆಲ್ಲ ಹೇಳಬಹುದು — ಬೇಡ. ನಾಚಿಕೆಪಟ್ಟೆ, ಸುಳ್ಳು ಹೇಳಿದೆ. ಅಷ್ಟೇ.

ಅಚ್ಚಾದ ಆಧಾರ ತಾನೇ ಬೇಕಿದ್ದದ್ದು? ಸ್ಮರಣ ಸಂಚಿಕೆಯೂ ಅಚ್ಚಾಗುತ್ತದೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ, ರೆಹೆಮಾ ಟೀಚರ್ ಅವರ ತಾಯಿಯ ಮಾತು: ಚೆನ್ನಾಗಿ ಒಣಗಿದ ರಾಗಿಗೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ಬಾಣಂತಿಗೆ ಮೊದಲು ಕೊಡುವುದು ಅದರ ಗಂಜಿಯನ್ನೇ. ಮೊಳಕೆ ಬರಿಸಿ ಬೀಸಿದ ಹಿಟ್ಟು ಮಗುವಿಗೆ ಬೇಗ ಅರಗುತ್ತದೆ. ನಮ್ಮಮ್ಮನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದಳು, ಸಾಕ್ಷಿಗೆ ನಾನಿದ್ದೇನೆ.

ವಿಶ್ವಕೋಶದವರು ಇದನ್ನು ಒಪ್ಪುತ್ತಾರೋ ಇಲ್ಲವೋ. ಟೀಚರ್ ಇನ್ನೂ ಆ ವಿಳಾಸದಲ್ಲಿದ್ದಾರೋ, ಅದೂ ತಿಳಿಯದು. ಸಂಚಿಕೆ ಬಂದ ದಿನವೇ ಒಂದು ಪ್ರತಿ ಅವರಿಗೆ ಪೋಸ್ಟ್ ಮಾಡುತ್ತೇನೆ. ಈ ಬರಹವನ್ನು ಅವರಿಗೆ ತಿಳಿಯುವ ಭಾಷೆಗೆ ಅನುವಾದ ಮಾಡಿಸಿ ಜೊತೆಗಿಡುತ್ತೇನೆ. ಕೊನೆಗೆ ನನ್ನ ಕೈಯಾರೆ ಒಂದು ಸಾಲು: ಟೀಚರ್, ಅವತ್ತು ಗಂಟಾಗಿರಲಿಲ್ಲ.