ಮಾವ ತುಂಬಿಸಿದ ಟ್ಯಾಂಕು

ನೋಡ್ರಪ್ಪಾ, ನಮ್ಮ ಸೋದರಮಾವನಿಗೆ ಬುದ್ಧಿ ಹೇಳೋ ತಾಕತ್ತಿದ್ದೋರು ಇವತ್ತೇ ಬೆಳಗೊಳಕ್ಕೆ ಬನ್ನಿ.

ತಂಗಿಗೆ ದೆಹಲಿಗೆ ವರ್ಗ ಆಗಿದೆ. ಅವಳ ಕಾರು ಸಾಗಿಸೋ ಲಾರಿ ಬೆಳಿಗ್ಗೆ ಶ್ರೀರಂಗಪಟ್ಟಣದ ಹೈವೇಗೆ ಬಂತು. ಕಾರಲ್ಲಿ ಸಾಮಾನು ಇರಬಾರದು, ಪೆಟ್ರೋಲು ತಳ ಮುಟ್ಟಿರಬೇಕು ಅಂತ ಲಾರಿಯವರು ಮೊದಲೇ ಹೇಳಿದ್ರು. ಎಲ್ಲಾ ಖಾಲಿ ಮಾಡಿ, ನಿನ್ನೆ ಕೀ ಮಾವನ ಕೈಗೆ ಕೊಟ್ಟಿದ್ದೆ.

ಲಾರಿ ಡ್ರೈವರ್ ಡಿಕ್ಕಿ ತೆಗೆದ. ಅಚ್ಚುಬೆಲ್ಲ, ರಾಗಿಹಿಟ್ಟು, ಹುರಳಿಕಾಳು, ತೆಂಗಿನಕಾಯಿ! ಸಾಲದ್ದಕ್ಕೆ ಟ್ಯಾಂಕ್ ಫುಲ್ಲು. "ಇದನ್ನ ಹತ್ತಿಸಲ್ಲ" ಅಂದುಬಿಟ್ಟ.

"ಎಣ್ಮಗ್ಳ ಮನೆಗೆ ಓಗೋ ಗಾಡೀನ ಖಾಲಿ ಕಳಿಸ್ಬುಡ್ತಾರೇನ್ಲಾ?" ಅಂದ ಮಾವ.

"ಪೆಟ್ರೋಲ್ ಯಾಕೆ ತುಂಬಿಸ್ದೆ ಮಾವ? ಕಾರು ಲಾರಿ ಮೇಲೆ ಕೂತು ಹೋಗೋದು!"

"ಲಾರಿ ಕೆಟ್ಟೋದ್ರೆ?"

ಬಿಸಿಲಲ್ಲಿ ಮೂಟೆಗಳನ್ನ ಇಳಿಸಿ, ಪೈಪ್ ಹಾಕಿ ಪೆಟ್ರೋಲನ್ನ ಕ್ಯಾನುಗಳಿಗೆ ಎಳೆದು, ಡ್ರೈವರ್ ಕೈಕಾಲು ಹಿಡಿದು ಕಾರು ಹತ್ತಿಸಿದೆ. ಬಾಯಲ್ಲಿನ್ನೂ ಪೆಟ್ರೋಲ್ ವಾಸನೆ ಹೋಗಿಲ್ಲ.

ಈಗಷ್ಟೇ ಡ್ರೈವರ್ ಫೋನ್ ಮಾಡಿದ್ದ. ಮಂಡ್ಯ ದಾಟೋ ಮುಂಚೆನೇ ಲಾರಿ ಕೆಟ್ಟು ನಿಂತಿದೆಯಂತೆ.

ಮಾವ ಪೆಟ್ರೋಲ್ ಕ್ಯಾನನ್ನ ಬೈಕಿಗೆ ಕಟ್ಟಿ, ಸ್ಟಾರ್ಟ್ ಮಾಡಿ ಕೂತು, "ಬೆಲ್ಲ ನೀ ಇಡ್ಕೊಂಡು ಇಂದೆ ಕೂತ್ಕೊಳ್ಲಾ" ಅಂದ.