ಮಾಸ್ಟರು ಬರೆದ ಅಳತೆ ಚೀಟಿ

ಟೈಲರ್ ಮಾಸ್ಟರು ಕತ್ತರಿ ಹಿಡಿದರೆ ಕೂದಲೆಳೆಯಷ್ಟೂ ಗೆರೆ ತಪ್ಪುತ್ತಿರಲಿಲ್ಲ. ಪೆನ್ನು ಹಿಡಿದರೆ ಮಾತ್ರ ಕಾಗೆಕಾಲು ಗುಬ್ಬಿಕಾಲು. ಮುಂದಿನ ಕೋಣೆಯಲ್ಲಿ ಅವರು ಅಳತೆ ತೆಗೆದು, ಕತ್ತರಿಸಿ, ಚೀಟಿ ಬರೆದು ಬಟ್ಟೆಗೆ ಗುಂಡುಪಿನ್ನು ಚುಚ್ಚಿ ಕಳಿಸುವುದು. ಒಳಕೋಣೆಯಲ್ಲಿ ಹೆಂಡತಿ ಅದನ್ನು ಓದಿ ಹೊಲಿಯುವುದು. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು. ಆ ಚೀಟಿ ಲೋಕದಲ್ಲಿ ಇಬ್ಬರಿಗೆ ಅರ್ಥವಾಗುತ್ತಿತ್ತು. ಬರೆದು ಒಂದು ಗಂಟೆಯಾದರೆ ಅವಳೊಬ್ಬಳಿಗೇ.

"ಸ್ವಲ್ಪ ಬಿಡಿಸಿ ಬರೀರಿ ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಕೈಬರಹದಲ್ಲೇನಿದೆ ಮಾರಾಯ್ತಿ, ಹಣೆಬರಹ ನೆಟ್ಟಗಿದ್ರೆ ಸಾಕು."

ಹೇಳಿ ಹೇಳಿ ಅವಳ ನಾಲಗೆ ಸವೆದಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಜೇಬು ಒಂದೋ ಎರಡೋ, ತೋಳು ಗಿಡ್ಡವೋ ಉದ್ದವೋ ಎಂದು ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಡಿದೇ ಕಣ್ಣು ಹಾಳಾಯಿತೆಂದು ಅವಳ ಖಚಿತ ಅಭಿಪ್ರಾಯ. ವಯಸ್ಸಿಗೆ ಪೊರೆ ಬಂದಿದೆ ಎಂದರು ಡಾಕ್ಟರು. ಅವರು ಚೀಟಿ ನೋಡಿರಲಿಲ್ಲವಲ್ಲ.

ಆಪರೇಷನ್ ಮುಗಿಸಿ ಒಂದು ತಿಂಗಳು ಅಕ್ಕನ ಮನೆಯಲ್ಲಿದ್ದು ಬಂದಳು. ಅವಳ ಮಿಷಿನ್ ಮುಂದೆ ಈಗ ಮೀಸೆ ನರೆತ ಹೊಸ ಹೊಲಿಗೆಯವನಿದ್ದ. ಪಕ್ಕದಲ್ಲೊಂದು ಷರಟು, ಅದಕ್ಕೆ ಚುಚ್ಚಿದ ಚೀಟಿ ಎತ್ತಿಕೊಂಡಳು. ಅಕ್ಷರ ಅಕ್ಷರ ಬಿಡಿ ಬಿಡಿ, ಒಂದೇ ಎತ್ತರ, ಒಂದೇ ಸಾಲು. ಹೊಸ ಕಣ್ಣೇ ಮೋಸ ಮಾಡುತ್ತಿದೆಯೇನೋ ಅನ್ನಿಸಿತು.

"ಯಾರು ಬರೆದಿದ್ದು?"

"ಮಾಸ್ಟ್ರೇ ಅಮ್ಮ," ಎಂದ ಹೊಲಿಗೆಯವನು. "ಮೊದಲ್ನೇ ದಿನವೇ ಅರ್ಥ ಆಗ್ದೆ ಒಬ್ಬರ ಕೋಟಿಗೆ ಇನ್ನೊಬ್ಬರ ತೋಳು ಹಚ್ಚಿಬಿಟ್ಟೆ. ಅಚ್ಚಿನ ಹಾಗೆ ಬರೀರಿ, ಇಲ್ಲಾಂದ್ರೆ ನಾಳೆಯಿಂದ ಬರಲ್ಲ ಅಂದೆ."

ಮಾಸ್ಟರು ಹಿಗ್ಗಿ ಹೀರೇಕಾಯಿಯಾಗಿ ಕಂದು ಕಾಗದದ ಸುರುಳಿ ಬಿಚ್ಚಿದರು. ಅದರ ತುಂಬ ಸೀಮೆಸುಣ್ಣದ ಅಕ್ಷರ, ಒಂದೊಂದೂ ತಟ್ಟೆಯಗಲ.

"ಬಟ್ಟೆ ಮೇಲೆ ಕಂಕುಳಿನ ತಿರುವು ಹಾಕ್ತೀವಲ್ಲ, ಹಾಗೇ ನಿಂತ್ಕೊಂಡು, ಭುಜದಿಂದ ತಿರುಗಿಸಿದೆ. ದಿನಾ ಒಂದಿಷ್ಟು ಚಿಕ್ಕದು ಮಾಡ್ತಾ ಬಂದೆ. ಮೂರೇ ವಾರ ಕಣೇ!"

ಮೂರೇ ವಾರ. ಅವಳಿಗೆ ಮೈಯೆಲ್ಲ ಉರಿಯಿತು.

"ನಾನು ಇಪ್ಪತ್ತಾರು ವರ್ಷ ಹೇಳಿದ್ನಲ್ರೀ?"

"ನೀನು ಹೇಗೂ ಓದ್ತಿದ್ದೆಯಲ್ಲ," ಎಂದರು ಮಾಸ್ಟರು, ಹೊಗಳುತ್ತಿರುವವರಂತೆ.

ಅವಳು ಚೀಟಿಯನ್ನು ಷರಟಿಗೆ ಮತ್ತೆ ಚುಚ್ಚಿ ಅಡುಗೆಮನೆಗೆ ನಡೆದಳು.

ಮರುದಿನ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಅವಳಿಗೆಂದು ಒಂದು ಚೀಟಿ ಇತ್ತು, ಪೇಟೆಯಿಂದ ತರಬೇಕಾದ ದಾರ ಗುಂಡಿಗಳ ಪಟ್ಟಿ. ಮತ್ತದೇ ಕಾಗೆಕಾಲು ಗುಬ್ಬಿಕಾಲು. ಹೊಸ ಕಣ್ಣಿನಿಂದ ಈಗ ಒಂದೇ ನೋಟಕ್ಕೆ ಅವಳಿಗೆ ಪೂರ್ತಿ ಅರ್ಥವಾಯಿತು. ಅದನ್ನು ಮುಂದಿನ ಕೋಣೆಗೆ ಒಯ್ದು ಅವರ ಕತ್ತರಿಯ ಕೆಳಗಿಟ್ಟಳು.

"ಓದಕ್ಕಾಗಲ್ಲ ಮಾಸ್ಟ್ರೇ," ಎಂದಳು. ಮದುವೆಯಾದಂದಿನಿಂದ ಅವಳು ಅವರನ್ನು ಹಾಗೆ ಕರೆದದ್ದು ಇದೇ ಮೊದಲು. "ಅಚ್ಚಿನ ಹಾಗೆ ಬರೀರಿ. ಇಲ್ಲಾಂದ್ರೆ ನಾಳೆಯಿಂದ ಬರಲ್ಲ."

ಮಾಸ್ಟರು ನಗಲು ಬಾಯಿ ತೆರೆದು ಅವಳ ಮುಖ ನೋಡಿದರು. ತಮಾಷೆ ಎಲ್ಲೂ ಕಾಣಲಿಲ್ಲ. ಸ್ಕೇಲು ಎಳೆದುಕೊಂಡು, ಹೊಸ ಚೀಟಿಯ ಮೇಲೆ ಅಕ್ಷರ ಕೂರಿಸಲು ಮೊದಲ ಗೆರೆ ಹಾಕಿದರು.